ಮನೆಮಾತು ಬ್ಯಾರಿ, ಬರೆಯುವುದು ಕನ್ನಡ: ‘ಉಮ್ಮ’ನ ಪಕ್ಕ ಬ್ರಾಕೆಟ್ ಯಾಕೆ?

ಪ್ರಶ್ನೆ: ನನ್ನದು ಬಂಟ್ವಾಳ ತಾಲ್ಲೂಕು. ಮನೆಮಾತು ಬ್ಯಾರಿ, ಅಂದರೆ ಕರಾವಳಿಯ ಬ್ಯಾರಿ ಮುಸ್ಲಿಮರ ಭಾಷೆ. ಓದಿದ್ದೆಲ್ಲ ಕನ್ನಡ ಮೀಡಿಯಂ. ಇಲ್ಲಿಯವರೆಗೆ ಆರು ಕಥೆ ಬರೆದಿದ್ದೇನೆ, ಆರೂ ಕನ್ನಡದಲ್ಲಿ. ಉಮ್ಮನ ಅಣ್ಣ, ಅಂದರೆ ನನ್ನ ಮಾವ, ಇದಕ್ಕೆ ಬೇಸರ ಮಾಡಿಕೊಳ್ಳುತ್ತಾರೆ. “ನಮ್ಮ ಭಾಷೆಯಲ್ಲಿ ಬರೆಯುವವರೇ ಕಡಿಮೆ. ಬರೆಯಲು ಬರುವ ನೀನೂ ಕನ್ನಡದ ಕಡೆ ಹೋದರೆ ಹೇಗೆ? ಆಫ್ರಿಕಾದ ಒಬ್ಬ ದೊಡ್ಡ ಲೇಖಕ ಇಂಗ್ಲಿಷ್ ಬಿಟ್ಟು ತನ್ನ ಭಾಷೆಗೆ ವಾಪಸ್ ಬಂದ, ಗೊತ್ತುಂಟಾ?” ಅನ್ನುತ್ತಾರೆ. ಇತ್ತ ಒಂದು ಕಾರ್ಯಕ್ರಮದಲ್ಲಿ ಕಥೆ ಓದಿದಾಗ ಹಿರಿಯರೊಬ್ಬರು “ನಿಮ್ಮವರು ಇಷ್ಟು ಒಳ್ಳೆಯ ಕನ್ನಡ ಬರೀತೀರಲ್ಲ, ಆಶ್ಚರ್ಯ” ಅಂದರು. ಖುಷಿಪಡಬೇಕಾ, ಬೇಡವಾ ಗೊತ್ತಾಗಲಿಲ್ಲ. ನನ್ನದಲ್ಲದ ಭಾಷೆಯಲ್ಲಿ ಬರೆಯುತ್ತಾ ಹೋದರೆ ಅದು ಎಂದಾದರೂ ನನ್ನದಾಗುತ್ತದಾ? ಒಂದು ಕಥೆ ಜೊತೆಗಿಟ್ಟಿದ್ದೇನೆ, ಓದಿ ಹೇಳಿ.

ಉತ್ತರ:

ಪತ್ರಕ್ಕಿಂತ ಮೊದಲು ನಿಮ್ಮ ಕಥೆ ಓದಿದೆ. ಎರಡು ಸಲ ಓದಿದೆ. ಅದರ ಬಗ್ಗೆ ಹೇಳುವುದು ಜಾಸ್ತಿ ಇದೆ, ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ನನ್ನ ಒಂದನೇ ಕ್ಲಾಸಿನ ಒಂದು ಬೆಳಗ್ಗೆ ಹೇಳಬೇಕು.

ನಮ್ಮ ಮನೆಯಲ್ಲಿ ತುಳು. ತುಳುವಿನಲ್ಲಿ ತಾಯಿಗೆ ‘ಅಪ್ಪೆ’, ತಂದೆಗೆ ‘ಅಮ್ಮೆ’. ಹೊರಗಿನವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ, ನಮಗೆ ಅದೇ ನೇರ. ಮಾಸ್ಟ್ರು ಗೋಡೆಗೆ ಒಂದು ಚಿತ್ರದ ಪಟ ತೂಗುಹಾಕಿದ್ದರು. ಸೀರೆ ಉಟ್ಟ ಹೆಂಗಸು, ಒಲೆ, ಪಾತ್ರೆ. “ಇದು ಯಾರು?” ಅಂತ ನನ್ನನ್ನು ಕೇಳಿದರು. ನಾನು ಧೈರ್ಯವಾಗಿ “ಅಪ್ಪೆ” ಅಂದೆ. “ಅಪ್ಪ ಅಲ್ಲ, ಅಮ್ಮ” ಅಂದರು. ನನಗೆ ಗಾಬರಿ. ನಮ್ಮ ಮನೆಯಲ್ಲಿ ‘ಅಮ್ಮೆ’ ಅಂದರೆ ಮೀಸೆ ಇರುವವರು, ಸಂಜೆ ಹೆಗಲ ಮೇಲೆ ಬೈರಾಸು ಹಾಕಿಕೊಂಡು ಗದ್ದೆಯಿಂದ ಬರುವವರು. ಅವರು ಯಾವಾಗ ಸೀರೆ ಉಟ್ಟು ಅಡುಗೆ ಮಾಡಿದರು? ಇಡೀ ಕ್ಲಾಸು ನಕ್ಕಿತು. ಈಗ ನೆನೆದರೆ ನನಗೆ ಕಾಡುವುದು ಆ ನಗು ಅಲ್ಲ. ನಕ್ಕವರಲ್ಲಿ ಹೆಚ್ಚಿನವರ ಮನೆಮಾತು ತುಳುವೇ ಆಗಿತ್ತು. ಅವರು ನನಗಿಂತ ಒಂದು ವಾರ ಮೊದಲು ಶಾಲೆಗೆ ಸೇರಿದ್ದರು, ಅಷ್ಟೆ.

ಇದನ್ನು ಹೇಳಿದ್ದು ಯಾಕೆಂದರೆ, ನಿಮ್ಮ ಪ್ರಶ್ನೆಯಲ್ಲೂ ನಿಮ್ಮ ಮಾವನ ಮಾತಿನಲ್ಲೂ ಒಂದು ನಂಬಿಕೆ ಇದೆ. ನೀವು ಒಂದು ದಿನ ಕೂತು ಎರಡು ಭಾಷೆಗಳನ್ನು ಎದುರಿಗಿಟ್ಟು, ತೂಗಿ ನೋಡಿ, ಕನ್ನಡವನ್ನು ಆರಿಸಿಕೊಂಡಿರಿ ಅನ್ನುವ ನಂಬಿಕೆ. ಹಾಗೆ ಆಗಲಿಲ್ಲ ಅಲ್ವಾ? ಅಕ್ಷರ ಅಂತ ನಿಮ್ಮ ಕೈಗೆ ಮೊದಲು ಬಂದದ್ದೇ ಕನ್ನಡ ಅಕ್ಷರ. ಕಥೆ ಅಂತ ಮೊದಲು ಓದಿದ್ದು ಕನ್ನಡದ ಕಥೆ. ಬರೆಯಬೇಕು ಅನ್ನಿಸಿದಾಗ ಪೆನ್ನು ಗೊತ್ತಿರುವ ದಾರಿಯಲ್ಲೇ ಹೋಯಿತು.

ಇದರ ಹಿಂದೆ ಚರಿತ್ರೆಯೂ ಇದೆ. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕೆಲವೇ ವರ್ಷಗಳಲ್ಲಿ ಅಚ್ಚುಕೂಟ ಹಾಕಿದರು. 1843ರಲ್ಲಿ ‘ಮಂಗಳೂರ ಸಮಾಚಾರ’ ಶುರುವಾಯಿತು, ಕನ್ನಡದ ಮೊದಲ ಪತ್ರಿಕೆ ಅದು. ಅದೇ ಹೊತ್ತಿಗೆ ತುಳುವಿನಲ್ಲೂ ಪುಸ್ತಕ ಅಚ್ಚಾದವು, ಆದರೆ ಕನ್ನಡ ಅಕ್ಷರದಲ್ಲಿ. ಕೋರ್ಟು, ಕಚೇರಿ, ಶಾಲೆ ಎಲ್ಲ ಕನ್ನಡದ್ದೇ ಆಯಿತು. ಸುತ್ತ ತುಳು, ಕೊಂಕಣಿ, ಬ್ಯಾರಿ ಮಾತಾಡುವ ಜನ. ಅವರು ಓದಲು ಬರೆಯಲು ಕಲಿತದ್ದು ಮಾತ್ರ ಕನ್ನಡ. ಬ್ಯಾರಿಗಳ ಮದ್ರಸದಲ್ಲಿ ಅರಬಿ ಮಲಯಾಳಂ ಲಿಪಿಯ ಓದು ಇತ್ತು ನಿಜ. ಆದರೆ ಅದು ದೀನಿನ, ಅಂದರೆ ಧರ್ಮದ ಓದು. ಕಥೆ, ಪತ್ರಿಕೆ, ಅರ್ಜಿ, ಮಾರ್ಕ್ಸ್ ಕಾರ್ಡು ಎಲ್ಲ ಕನ್ನಡದ ಪಾಲಿಗೆ ಬಂತು.

ದಕ್ಷಿಣ ಕನ್ನಡದಲ್ಲಿ ಕನ್ನಡ ಯಾರ ಮನೆಮಾತು? ಹವ್ಯಕರು, ಕೋಟ ಕುಂದಾಪುರ ಕಡೆಯಿಂದ ಬಂದವರು, ಇನ್ನು ಕೆಲವರು. ಅವರನ್ನು ಬಿಟ್ಟರೆ ಬಹಳಷ್ಟು ಜನಕ್ಕೆ ಅದು ಶಾಲೆಯಲ್ಲಿ ಸಿಕ್ಕ ಭಾಷೆ. ಹಾಗಿದ್ದೂ ‘ಮಂಗಳೂರು ಕನ್ನಡ’ ಅಂತ ಒಂದು ಇದೆಯಲ್ಲ, ‘ಎಂತ ಮಾರಾಯ್ರೆ’ ಅನ್ನುವ ಕನ್ನಡ, ಅದನ್ನು ಕಟ್ಟಿದವರು ಯಾರು? ಮನೆಯಲ್ಲಿ ಬೇರೆ ಭಾಷೆ ಆಡುವವರೇ ಸೇರಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಶಾಲೆಯ ಜಗಲಿಯಲ್ಲಿ ಕಟ್ಟಿದರು. ಅದರಲ್ಲಿ ನಿಮ್ಮ ಅಜ್ಜನ ಪಾಲೂ ಇದೆ.

ಆರಿಸಿಕೊಳ್ಳುವ ಅವಕಾಶ ನಿಜವಾಗಿಯೂ ಇದ್ದವರಿಗೂ ಭಾಷೆ ಹೇಳದೆ ಕೇಳದೆ ಬಂದದ್ದಿದೆ. ಗಿರೀಶ ಕಾರ್ನಾಡರ ಮನೆಮಾತು ಕೊಂಕಣಿ. ಬೆಳೆದದ್ದು ಶಿರಸಿ, ಧಾರವಾಡ. ಅವರಿಗೆ ಇಂಗ್ಲಿಷಿನಲ್ಲಿ ಕವಿಯಾಗಬೇಕು ಅಂತ ಆಸೆ ಇತ್ತು. 1960ರಲ್ಲಿ ರೋಡ್ಸ್ ಸ್ಕಾಲರ್‌ಶಿಪ್ ಸಿಕ್ಕಿ ಇಂಗ್ಲೆಂಡಿಗೆ ಹೊರಡುವ ತಯಾರಿಯ ದಿನಗಳಲ್ಲಿ ಬರೆಯಲು ಕೂತರೆ ಬಂದದ್ದು ಕವಿತೆಯಲ್ಲ, ನಾಟಕ. ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ‘ಯಯಾತಿ’ ಹುಟ್ಟಿದ್ದು ಹಾಗೆ. ತಮಗೇ ಅಚ್ಚರಿಯಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಹೊರಗೆ ಹೋಗುವ ಹೊತ್ತಿನಲ್ಲಿ ಒಳಗಿನ ಭಯ ಯಾವ ಭಾಷೆಯಲ್ಲಿ ಮಾತಾಡುತ್ತದೋ ಅದರಲ್ಲೇ ನಾಟಕ ಬಂತು ಅಂತ ನನಗೆ ಅನ್ನಿಸುತ್ತದೆ.

ಈಗ ಆ ಹಿರಿಯರ “ಆಶ್ಚರ್ಯ”ದ ಮಾತು. ಇದರ ಬಗ್ಗೆ ನನಗೆ ಸಿಟ್ಟೇ ಇದೆ, ಮುಚ್ಚಿಡುವುದಿಲ್ಲ.

ನಿಮ್ಮ ಬಂಟ್ವಾಳದವರೇ ಆದ ಪಂಜೆ ಮಂಗೇಶರಾಯರ ‘ನಾಗರ ಹಾವೆ’ ಹಾಡದ ಕನ್ನಡದ ಮಗು ಇಲ್ಲ. ಪಂಜೆಯವರ ಮನೆಮಾತು ಕೊಂಕಣಿ. ‘ಬಣ್ಣದ ತಗಡಿನ ತುತ್ತೂರಿ’ ಬರೆದ ಜಿ.ಪಿ. ರಾಜರತ್ನಂ ಮನೆಯಲ್ಲಿ ತಮಿಳು. ಮಾಸ್ತಿಯವರ ಮನೆಯಲ್ಲೂ ತಮಿಳು, ಕೈಲಾಸಂ ಮನೆಯಲ್ಲೂ ತಮಿಳು. ಬೇಂದ್ರೆಯವರ ಮನೆಯಲ್ಲಿ ಮರಾಠಿ. ಯಶವಂತ ಚಿತ್ತಾಲ, ಜಯಂತ ಕಾಯ್ಕಿಣಿ ಕೊಂಕಣಿ ಮನೆಯಿಂದ ಬಂದವರು. ಕನ್ನಡಕ್ಕೆ ಬಂದ 8 ಜ್ಞಾನಪೀಠಗಳಲ್ಲಿ 3 ಇಂಥವರದ್ದು: 1973ರಲ್ಲಿ ಬೇಂದ್ರೆ, 1983ರಲ್ಲಿ ಮಾಸ್ತಿ, 1998ರಲ್ಲಿ ಕಾರ್ನಾಡ. ಮಂಜೇಶ್ವರದ ಗೋವಿಂದ ಪೈಗಳಂತೂ ಸಾವಿರ ವರ್ಷದಿಂದ ಕನ್ನಡ ಕಾವ್ಯ ಬಿಡದೆ ಹಿಡಿದುಕೊಂಡಿದ್ದ, ಪ್ರತಿ ಸಾಲಿನ ಎರಡನೇ ಅಕ್ಷರ ಹೊಂದಬೇಕು ಅನ್ನುವ ಆದಿಪ್ರಾಸವನ್ನೇ ಬಿಟ್ಟು ಬರೆದು ತೋರಿಸಿದರು. ಅವರ ಮನೆಮಾತೂ ಕೊಂಕಣಿ. 1949ರಲ್ಲಿ ಆಗಿನ ಮದ್ರಾಸ್ ಸರ್ಕಾರ ಅವರಿಗೆ ರಾಷ್ಟ್ರಕವಿ ಅನ್ನುವ ಬಿರುದು ಕೊಟ್ಟಿತು.

ಇವರಲ್ಲಿ ಯಾರನ್ನಾದರೂ ಇವತ್ತು ಯಾರಾದರೂ “ನಿಮ್ಮವರು ಇಷ್ಟು ಒಳ್ಳೆಯ ಕನ್ನಡ ಬರೀತೀರಲ್ಲ” ಅನ್ನುತ್ತಾರಾ? ಬೇಂದ್ರೆಯವರ ಬಗ್ಗೆ ಬರೆಯುವಾಗ ಮರಾಠಿಯ ವಿಷಯ ಎಲ್ಲೋ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ನಿಸಾರ್ ಅಹಮದ್ ಬಗ್ಗೆ ಬರೆಯುವಾಗ ಉರ್ದು ಮೊದಲ ಸಾಲಿನಲ್ಲೇ ಬಂದು ಕೂರುತ್ತದೆ. ಇಬ್ಬರ ಮನೆಮಾತೂ ಕನ್ನಡವಲ್ಲ. ಹಾಗಾದರೆ ವ್ಯತ್ಯಾಸ ಭಾಷೆಯದ್ದಲ್ಲ. ಆಶ್ಚರ್ಯ ಹುಟ್ಟುವುದು ಹೆಸರಿನಿಂದ. ಆ ಹಿರಿಯರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಪ್ರೀತಿಯಿಂದಲೇ ಹೇಳಿರಬಹುದು. ಆದರೆ ಆ ಮಾತು ನಿಮ್ಮನ್ನು ಹೊಸ್ತಿಲ ಹೊರಗೆ ನಿಲ್ಲಿಸಿ ತಟ್ಟೆ ಕೊಟ್ಟಂತೆ. ಊಟ ಒಳ್ಳೆಯದೇ ಇರಬಹುದು, ಜಾಗ ಸರಿಯಿಲ್ಲ.

ನಿಸಾರ್ ಅವರ ವಿಷಯ ಬಂದದ್ದರಿಂದ ಹೇಳುತ್ತೇನೆ. ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದವರು, ಕಾಲೇಜಿನಲ್ಲಿ ಭೂವಿಜ್ಞಾನ ಹೇಳಿಕೊಟ್ಟವರು. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂದು ಮನೆಮನೆಗೆ ಹೋಯಿತು. ಅದರ ಹಾಡು ಇಲ್ಲದೆ ಎಷ್ಟೋ ಶಾಲೆಗಳಲ್ಲಿ ರಾಜ್ಯೋತ್ಸವವೇ ನಡೆಯುವುದಿಲ್ಲ. ಅದೇ ಕವಿ ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’ ಅನ್ನುವ ಕವಿತೆಯನ್ನೂ ಬರೆದಿದ್ದಾರೆ. ಜೊತೆಗಿದ್ದೂ ಬೇರೆಯಾಗಿ ಕಾಣಿಸಿಕೊಳ್ಳುವವನ ಸಂಕಟ ಅದರಲ್ಲಿದೆ. ನಾಡಿನ ಜೋಗ, ತುಂಗೆಯನ್ನು ಹಾಡಿದ ಕೈಯೇ ಇದನ್ನೂ ಬರೆಯಬೇಕಾಯಿತು. ಆ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಿ. ಮೊದಲನೆಯದನ್ನು ಹಾಡುವವರು ಎರಡನೆಯದನ್ನೂ ಓದಿದ್ದರೆ ಆ ಸಭೆಯಲ್ಲಿ ನಿಮಗೆ ಆ ಮಾತು ಕೇಳಿಸುತ್ತಿರಲಿಲ್ಲ.

ನಿಮ್ಮ ದಾರಿಗೆ ಹತ್ತಿರದವರು ಇಬ್ಬರು. ಒಬ್ಬರು ಸಾರಾ ಅಬೂಬಕ್ಕರ್. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದರು. ಮನೆಯಲ್ಲಿ ಮಲಯಾಳಂ, ಶಾಲೆಯಲ್ಲಿ ಕನ್ನಡ. ಅವರ ಸಮುದಾಯದಲ್ಲಿ ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಅಪರೂಪವಾಗಿದ್ದ ಕಾಲ ಅದು. ಬರೆಯಲು ಶುರು ಮಾಡಿದ್ದು ನಲವತ್ತು ದಾಟಿದ ಮೇಲೆ. 1980ರ ದಶಕದ ಆರಂಭದಲ್ಲಿ ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ತಂದೆಯ ಹಟಕ್ಕೆ ಸಿಕ್ಕಿ ಗಂಡನಿಂದ ದೂರವಾದ ನಾದಿರಾಳ ಕಥೆ. ಮತ್ತೆ ಗಂಡನನ್ನು ಸೇರಬೇಕಾದರೆ ಇನ್ನೊಬ್ಬನ ಜೊತೆ ಒಂದು ರಾತ್ರಿಯ ಮದುವೆ ಆಗಬೇಕು ಅನ್ನುತ್ತಾರೆ. ಕೊನೆಗೆ ಅವಳು ಮಸೀದಿಯ ಕೊಳ ಸೇರುತ್ತಾಳೆ. ಆ ಕೊಳದ ನೀರನ್ನು ಕನ್ನಡದಲ್ಲಿ ಅಲ್ಲಿಯವರೆಗೆ ಯಾರೂ ಮುಟ್ಟಿ ತೋರಿಸಿರಲಿಲ್ಲ.

ಇನ್ನೊಬ್ಬರು ಬಾನು ಮುಷ್ತಾಕ್. 1948ರಲ್ಲಿ ಹಾಸನದಲ್ಲಿ ಹುಟ್ಟಿದವರು. ಎಂಟು ವರ್ಷದವರಿದ್ದಾಗ ಶಿವಮೊಗ್ಗದ ಕನ್ನಡ ಮಿಷನರಿ ಶಾಲೆಗೆ ಸೇರಿಸಿದರು. ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಬರಬೇಕು ಅನ್ನುವ ಷರತ್ತಿತ್ತು. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಮುಂದೆ ಪತ್ರಕರ್ತೆಯಾದರು, ವಕೀಲರಾದರು, ಬಂಡಾಯ ಸಾಹಿತ್ಯ ಚಳವಳಿಯ ಜೊತೆ ನಡೆದರು. 2025ರ ಮೇ ತಿಂಗಳಲ್ಲಿ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಬಂತು. ಮಡಿಕೇರಿಯ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 12 ಕಥೆಗಳು. ಕನ್ನಡಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. ಒಂದು ಸಣ್ಣಕಥೆಗಳ ಪುಸ್ತಕಕ್ಕೆ ಬಂದದ್ದೂ ಅದೇ ಮೊದಲು.

ಅದಾಗಿ ನಾಲ್ಕು ತಿಂಗಳಿಗೆ ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಅವರನ್ನು ಕರೆದಾಗ ಏನಾಯಿತು, ನೀವೂ ನೋಡಿದ್ದೀರಿ. ವಿರೋಧ ಎದ್ದಿತು, ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಅಲ್ಲಿ ಅರ್ಜಿ ನಿಲ್ಲಲಿಲ್ಲ. ಅವರು ಹೋಗಿ ದಸರಾ ಉದ್ಘಾಟಿಸಿದರು. ಮತ್ತೊಂದು ಕಡೆಯಿಂದ, ತಮ್ಮ ಸಮುದಾಯದ ಒಳಗಿನಿಂದಲೂ, ಹಿಂದೆ ಬಹಿಷ್ಕಾರ ಎದುರಿಸಿದವರು ಅವರು. ಸಾರಾ ಅವರಿಗೂ ಬೆದರಿಕೆ ತಪ್ಪಲಿಲ್ಲ. ಸಮುದಾಯದವರು “ಮನೆ ಜಗಳ ಬೀದಿಗೆ ತಂದಳು” ಅನ್ನುತ್ತಾರೆ. ಹೊರಗಿನವರು “ಇವಳು ನಮ್ಮವಳು ಹೌದಾ?” ಅಂತ ಆಗಾಗ ದಾಖಲೆ ಕೇಳುತ್ತಾರೆ. ಎರಡು ಕಡೆಯಿಂದಲೂ ಬರುವ ಈ ಬಾಡಿಗೆ ಕಟ್ಟದೆ ಈ ದಾರಿಯಲ್ಲಿ ನಡೆದವರು ಕಡಿಮೆ. ಇದನ್ನು ನಿಮಗೆ ಹೆದರಿಸಲು ಹೇಳುತ್ತಿಲ್ಲ. ಗೊತ್ತಿರಲಿ ಅಂತ ಹೇಳಿದೆ.

ಇಬ್ಬರ ಬರಹಕ್ಕೂ ಜಾಗ ಸಿಕ್ಕಿದ್ದು ಲಂಕೇಶ್ ಪತ್ರಿಕೆಯಂಥ ಕಡೆ, 1979ರಲ್ಲಿ ಶುರುವಾದ ಬಂಡಾಯ ಸಂಘಟನೆಯ ಆಸುಪಾಸು. ಭಾಷೆ ತಾನಾಗಿ ಯಾರನ್ನೂ ಒಳಗೆ ಕರೆಯುವುದಿಲ್ಲ. ಬಾಗಿಲಲ್ಲಿ ಯಾರೋ ಒಬ್ಬರು ನಿಂತು “ಬನ್ನಿ, ನಿಮ್ಮದೂ ಇರಲಿ” ಅನ್ನಬೇಕು. ನಿಮ್ಮ ಕಥೆಗಳಿಗೆ ಅಂಥ ಸಂಪಾದಕರನ್ನು ಹುಡುಕಿಕೊಳ್ಳಿ. ಇದು ಪ್ರತಿಭೆಯಷ್ಟೇ ಮುಖ್ಯ.

ಈಗ ನಿಮ್ಮ ಕಥೆ.

ಎರಡನೇ ಪುಟದಲ್ಲಿ ಹುಡುಗಿ ಶಾಲೆಯಿಂದ ಬರುತ್ತಾಳೆ. ನೀವು ಹೀಗೆ ಬರೆದಿದ್ದೀರಿ: “ಉಮ್ಮ (ತಾಯಿ) ಮಗ್‌ರಿಬ್ (ಸಂಜೆಯ ಪ್ರಾರ್ಥನೆ) ಮುಗಿಸಿ ಬಂದು, ‘ಮಗಳೇ, ಬೇಗನೆ ಬಂದು ಊಟ ಮಾಡು’ ಎಂದು ನುಡಿದರು.”

ಒಂದು ಸಾಲು. ಅದರಲ್ಲಿ ಎರಡು ಬ್ರಾಕೆಟ್. ನಾನು ಪೆನ್ಸಿಲ್ ತಗೊಂಡು ಎರಡನ್ನೂ ಹೊಡೆದೆ. ಆಮೇಲೆ ಸುಮ್ನೆ ಕೂತು ಆ ಸಾಲನ್ನೇ ನೋಡಿದೆ. ‘ಉಮ್ಮ’ ಅಂದರೆ ತಾಯಿ ಅಂತ ಯಾರಿಗೆ ಗೊತ್ತಾಗುವುದಿಲ್ಲ? ಶಾಲೆಯಿಂದ ಬಂದ ಹುಡುಗಿಗೆ ಊಟಕ್ಕೆ ಕರೆಯುವವರು ಇನ್ಯಾರು? ಬ್ರಾಕೆಟ್ ಇಲ್ಲದಿದ್ದರೂ ಓದುವವರು ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ತಿಳಿದುಕೊಳ್ಳುತ್ತಾರೆ. ಹಾಗಾದರೆ ಆ ಬ್ರಾಕೆಟ್ ಯಾಕೆ ಬಂತು? ಬರೆಯುವಾಗ ನಿಮ್ಮ ತಲೆಯಲ್ಲಿ ಯಾರೋ ಒಬ್ಬರು ಎದುರು ಕೂತಿದ್ದರು, ಆ ಸಭೆಯ ಹಿರಿಯರ ಹಾಗೆ. ಅವರಿಗೆ ತೊಂದರೆಯಾಗಬಾರದು ಅಂತ ನೀವು ನಿಮ್ಮ ಉಮ್ಮನಿಗೇ ಗುರುತಿನ ಚೀಟಿ ಕಟ್ಟಿದಿರಿ.

ಯೋಚನೆ ಮಾಡಿ. ಕನ್ನಡದ ಕಾದಂಬರಿಗಳಲ್ಲಿ ಮಡಿ, ಮೈಲಿಗೆ, ಶ್ರಾದ್ಧ, ಪಿಂಡ, ಆಪೋಶನ ಅಂತ ಪುಟಗಟ್ಟಲೆ ಬರುತ್ತದೆ. ನೀವು ಶಾಲೆಯಲ್ಲಿ ಅದನ್ನೆಲ್ಲ ಓದಿದಿರಿ. ನಿಮಗಾಗಿ ಯಾರಾದರೂ ಬ್ರಾಕೆಟ್ ಹಾಕಿದರಾ? ಇಲ್ಲ. ನೀವು ಓದುತ್ತಾ ಓದುತ್ತಾ ಕಲಿತಿರಿ. ಒಂದು ಕಥೆ ಇನ್ನೊಬ್ಬರ ಮನೆಯನ್ನು ಕಲಿಸುವುದು ಹಾಗೆಯೇ. ಇಷ್ಟು ದಿನ ನೀವು ಕಲಿತಿರಿ, ಇನ್ನು ಅವರೂ ಸ್ವಲ್ಪ ಕಲಿಯಲಿ. ‘ಮಗ್‌ರಿಬ್’ ಗೊತ್ತಿಲ್ಲದವರು ಪಕ್ಕದ ಮನೆಯವರನ್ನು ಕೇಳಿದರೆ ಅದರಿಂದ ಒಳ್ಳೆಯದೇ ಆಗುತ್ತದೆ.

‘ಹಾರ್ಟ್ ಲ್ಯಾಂಪ್’ನ ಅನುವಾದದಲ್ಲೂ ಇದೇ ಆಯಿತು. ದೀಪಾ ಭಾಸ್ತಿಯವರು ಕನ್ನಡ, ಉರ್ದು, ಅರಬಿ ಮಾತುಗಳನ್ನು ಇಂಗ್ಲಿಷಿನ ನಡುವೆ ಹಾಗೇ ಬಿಟ್ಟರು. ಓರೆ ಅಕ್ಷರ ಮಾಡಲಿಲ್ಲ, ಅಡಿಟಿಪ್ಪಣಿ ಹಾಕಲಿಲ್ಲ. ಯಾಕೆ ಅಂತ ಪುಸ್ತಕದಲ್ಲೇ ಬರೆದಿದ್ದಾರೆ. ಲಂಡನ್ನಿನ ಓದುಗರು ಬ್ರಾಕೆಟ್ ಇಲ್ಲದೆ ಓದಿದರು. ಹಾಸನದ, ಹಾವೇರಿಯ ಓದುಗರಿಗೆ ಅಷ್ಟೂ ಆಗುವುದಿಲ್ಲವಾ?

ಆ ಸಾಲಿನಲ್ಲಿ ಬ್ರಾಕೆಟ್ಟಿಗಿಂತ ದೊಡ್ಡ ತೊಂದರೆ ಇನ್ನೊಂದಿದೆ. “ಬೇಗನೆ ಬಂದು ಊಟ ಮಾಡು ಎಂದು ನುಡಿದರು.” ಯಾವ ಉಮ್ಮ ಹೀಗೆ ನುಡಿಯುತ್ತಾರೆ? ಇದು ಪಾಠಪುಸ್ತಕದ ತಾಯಿಯ ಮಾತು. ನನ್ನ ಒಂದನೇ ಕ್ಲಾಸಿನ ಗೋಡೆಯ ಪಟದಲ್ಲಿದ್ದ ಆ ಹೆಂಗಸು ಮಾತಾಡಿದ್ದರೆ ಹೀಗೆ ಮಾತಾಡುತ್ತಿದ್ದಳು. ನಿಮ್ಮ ಕಥೆಯಲ್ಲಿ ಬೇರೆಲ್ಲ ಕಡೆ ಕನ್ನಡ ಚೆನ್ನಾಗಿ ನಡೆಯುತ್ತದೆ. ಮಳೆ ಬರುವಾಗ ಹಂಚಿನ ಮೇಲೆ ಆಗುವ ಸದ್ದು, ಮೀನು ಮಾರುವವರ ಸೈಕಲ್ ಹಾರ್ನು, ಎಲ್ಲ ಕಿವಿಗೆ ಬೀಳುತ್ತದೆ. ಆದರೆ ಮನೆಯವರು ಬಾಯಿ ತೆರೆದ ಕೂಡಲೇ ಭಾಷೆ ಇಸ್ತ್ರಿ ಹಾಕಿದ ಹಾಗಾಗುತ್ತದೆ. ಮನೆಮಾತು ಬೇರೆ ಇರುವವರಿಗೆ ಇದು ಬಹಳ ಸಲ ಆಗುವ ತೊಂದರೆ. ನನಗೂ ಆಗುತ್ತಿತ್ತು. ಶಾಲೆಯಲ್ಲಿ ತಪ್ಪಿಗೆ ನಕ್ಕದ್ದು ಮನಸ್ಸಿನಲ್ಲಿ ಉಳಿದಿರುತ್ತದೆ. ಹಾಗಾಗಿ ನಾವು ಕನ್ನಡವನ್ನು ಒಂದು ಚೂರೂ ಕೊಳೆಯಾಗದ ಹಾಗೆ ಹಿಡಿದುಕೊಳ್ಳುತ್ತೇವೆ. ನೆಂಟರ ಮನೆಯ ಸೋಫಾದ ತುದಿಯಲ್ಲಿ ಕೂತ ಹಾಗೆ.

ರಾಜರತ್ನಂ ಹಾಗೆ ಕೂರಲಿಲ್ಲ. ತಮಿಳು ಮನೆಯಿಂದ ಬಂದವರು ಹೆಂಡ ಕುಡಿಯುವ ರತ್ನನ ಬಾಯಿಯ ಕನ್ನಡವನ್ನು ಹಾಗಾಗೇ ಎತ್ತಿ ಪದ ಕಟ್ಟಿದರು. ಅಲ್ಲಿ ವ್ಯಾಕರಣ ಕೇಳುವವರು ಯಾರು! ಬೇಂದ್ರೆ ಧಾರವಾಡದ ಬೀದಿಯ ಮಾತನ್ನು, ಹೆಂಗಸರು ಆಡುವ ಮಾತನ್ನು ಕವಿತೆಗೆ ತಂದರು. ಅವರು ಮನೆಯವರ ಹಾಗೆ ಓಡಾಡಿದರು. ನಿಮಗೆ ನಾನು ಹೇಳುವುದು ಮುಖ್ಯವಾಗಿ ಇದೊಂದೇ. ಕನ್ನಡ ನಿಮ್ಮದಾಗುತ್ತದಾ ಅಂತ ಕೇಳಿದಿರಲ್ಲ, ಅದಕ್ಕೆ ಯಾರ ಸರ್ಟಿಫಿಕೇಟೂ ಬೇಡ. ನೆಂಟರ ಹಾಗೆ ಬರೆಯುವುದನ್ನು ಬಿಟ್ಟ ದಿನ ಅದು ನಿಮ್ಮದು. ಒಗ್ಗರಣೆ ಡಬ್ಬಿ ಎಲ್ಲಿದೆ ಅಂತ ಕೇಳದೆ ಕೈ ಹಾಕಿ ತೆಗೆಯಬೇಕು. ಬೇಕಾದರೆ ಡಬ್ಬಿಯ ಜಾಗವನ್ನೂ ಬದಲಾಯಿಸಬೇಕು.

ಇನ್ನೊಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ನಿಮ್ಮ ಹೆಸರು ನೋಡಿ ಕೆಲವರು ನಿಮ್ಮಿಂದ ಒಂದೇ ಥರದ ಕಥೆ ಕೇಳುತ್ತಾರೆ. ತಲಾಖ್, ಬುರ್ಖಾ, ಅಳುವ ಹೆಂಗಸು. ಬರೆಯಬೇಡಿ ಅಂತಲ್ಲ. ಸಾರಾ, ಬಾನು ಬರೆದದ್ದು ಬರೆಯಲೇಬೇಕಾದ್ದನ್ನು. ಆದರೆ ಅದೊಂದನ್ನೇ ಕೇಳಿದರೆ ಕೊಡಬೇಡಿ. ಬೊಳುವಾರು ಮಹಮದ್ ಕುಂಞಿಯವರನ್ನು ನೋಡಿ. ಪುತ್ತೂರಿನ ಬೊಳುವಾರಿನವರು, ನಿಮ್ಮ ಹಾಗೇ ಬ್ಯಾರಿ ಮನೆ. ಮುತ್ತುಪ್ಪಾಡಿ ಅಂತ ಒಂದು ಊರನ್ನೇ ಕಟ್ಟಿದರು. ಅಲ್ಲಿನ ಜನ ನಗುತ್ತಾರೆ, ಜಗಳ ಮಾಡುತ್ತಾರೆ, ವ್ಯಾಪಾರ ಮಾಡುತ್ತಾರೆ, ಪಕ್ಕದ ಮನೆಯವರ ವಿಷಯ ಆಡಿಕೊಳ್ಳುತ್ತಾರೆ. 2016ರಲ್ಲಿ ಅವರ ‘ಸ್ವಾತಂತ್ರ್ಯದ ಓಟ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ಸಾಗರದ ನಾ. ಡಿಸೋಜ ಕೊಂಕಣಿ ಕ್ರೈಸ್ತ ಮನೆಯವರು. ಅವರು ಚರ್ಚಿನ ಕಥೆಗೆ ನಿಲ್ಲಲಿಲ್ಲ. ಶರಾವತಿಯ ಅಣೆಕಟ್ಟಿನಲ್ಲಿ ಮುಳುಗಿದ ಊರುಗಳ ಕಥೆ ಬರೆದರು. ‘ದ್ವೀಪ’ ಓದಿ. ನೀರು ಏರುತ್ತಿರುವಾಗ ಮನೆ ಬಿಡದೆ ಕೂತವರ ಸಂಕಟ ಅದು. ಅಲ್ಲಿ ಬರೆದವರ ಜಾತಿ ಧರ್ಮ ಯಾರಿಗೂ ನೆನಪಾಗುವುದಿಲ್ಲ.

ನಿಮ್ಮ ಮಾವನ ಮಾತಿಗೆ ಬರುತ್ತೇನೆ. ಅವರ ಬೇಸರವನ್ನು ಹಗುರವಾಗಿ ತಗೋಬೇಡಿ. ಅವರು ಹೇಳುವುದರಲ್ಲಿ ನೋವು ಇದೆ, ಅದು ನಿಜವಾದ ನೋವು.

2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂದವರು ಸುಮಾರು 4 ಕೋಟಿ 37 ಲಕ್ಷ. ಕೊಂಕಣಿ 22 ಲಕ್ಷ, ತುಳು 18 ಲಕ್ಷ, ಕೊಡವ 1 ಲಕ್ಷ ಚಿಲ್ಲರೆ. ಚಿಕ್ಕ ಭಾಷೆಯಲ್ಲಿ ಬರೆಯುವ ಒಬ್ಬರು ಕಡಿಮೆಯಾದರೂ ಲೆಕ್ಕ ಗೊತ್ತಾಗುತ್ತದೆ. ದೊಡ್ಡ ಭಾಷೆಗೆ ಒಬ್ಬರು ಹೆಚ್ಚಾದರೆ ಗೊತ್ತಾಗುವುದಿಲ್ಲ. ನಿಮ್ಮ ಮಾವ ಹೇಳುತ್ತಿರುವುದು ಈ ಲೆಕ್ಕ.

ಆದರೆ ಅವರು ಕೊಟ್ಟ ಆಫ್ರಿಕಾದ ಉದಾಹರಣೆ ಪೂರ್ತಿ ಹೊಂದುವುದಿಲ್ಲ. ಅವರು ಹೇಳಿದ್ದು ಕೆನ್ಯಾದ ಗೂಗಿ ವಾ ಥಿಯಾಂಗೊ ಬಗ್ಗೆ ಇರಬೇಕು. ಇಂಗ್ಲಿಷಿನಲ್ಲಿ ಹೆಸರು ಮಾಡಿದ್ದ ಗೂಗಿ 1977ರಲ್ಲಿ ತನ್ನ ಗಿಕುಯು ಭಾಷೆಯಲ್ಲಿ ಹಳ್ಳಿಯ ಜನರ ಜೊತೆ ನಾಟಕ ಮಾಡಿಸಿದರು. ಸರ್ಕಾರ ಜೈಲಿಗೆ ಹಾಕಿತು. ಜೈಲಿನಲ್ಲಿ ಕಾಗದ ಸಿಗದೆ ಟಾಯ್ಲೆಟ್ ಪೇಪರಿನ ಮೇಲೆ ಗಿಕುಯುನಲ್ಲೇ ಕಾದಂಬರಿ ಬರೆದರು. ದೊಡ್ಡ ಜೀವ. ಆದರೆ ಅವರು ಬಿಟ್ಟದ್ದು ಸಮುದ್ರ ದಾಟಿ ಬಂದು ಆಳಿದವರ ಭಾಷೆ. ಅವರ ಹಳ್ಳಿಯ ಅಜ್ಜಿಗೆ ಅದು ತಿಳಿಯುತ್ತಿರಲಿಲ್ಲ. ನಿಮ್ಮ ಕನ್ನಡ ಕಥೆಯನ್ನು ನಿಮ್ಮ ಉಮ್ಮನಿಗೆ ಓದಿ ಹೇಳಿದರೆ ಅವರಿಗೆ ಅರ್ಥವಾಗುತ್ತದೆ ಅಲ್ವಾ? ಅಲ್ಲೇ ವ್ಯತ್ಯಾಸ. ಕನ್ನಡಕ್ಕೂ ಅಧಿಕಾರ ಇದೆ, ನನ್ನ ಒಂದನೇ ಕ್ಲಾಸಿನ ನಗು ಅದಕ್ಕೆ ಸಾಕ್ಷಿ. ಹಾಗಂತ ಅದು ಹೊರಗಿನಿಂದ ಬಂದು ನಮ್ಮ ಮೇಲೆ ಕೂತ ಭಾಷೆ ಅಲ್ಲ. ಪಕ್ಕದ ಮನೆಯ ಭಾಷೆ. ಗಡಿ ಸ್ವಲ್ಪ ಸರಿದರೆ ಆಟವೂ ಬದಲಾಗುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದದ್ದೇ ಅಲ್ಲಿ ಕನ್ನಡವೇ ಸಣ್ಣ ಭಾಷೆಯಾಯಿತು. ತುಳು ಮನೆಮಾತಿನ ಕಯ್ಯಾರ ಕಿಞ್ಞಣ್ಣ ರೈಗಳು ತಮ್ಮದಲ್ಲದ ಆ ಕನ್ನಡಕ್ಕಾಗಿ ಬದುಕಿಡೀ ಹೋರಾಡಿದರು. ತುಳುವಿನಲ್ಲೂ ಬರೆದರು. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕು ಅಂತ ಅವರಿಗೆ ಅನ್ನಿಸಲಿಲ್ಲ. ಬೇಂದ್ರೆಯವರೂ ಮರಾಠಿಯಲ್ಲಿ ಬರೆಯುತ್ತಿದ್ದರು. ಸಾರಾ ಮಲಯಾಳಂನಿಂದ ಕನ್ನಡಕ್ಕೆ ಪುಸ್ತಕಗಳನ್ನು ತಂದರು.

ಹಾಗಾಗಿ ಮಾವನಿಗೆ ಜಗಳದ ಉತ್ತರ ಬೇಡ, ಕೆಲಸದ ಉತ್ತರ ಕೊಡಿ. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ 2007ರಿಂದ ಇದೆ. ಬ್ಯಾರಿ ನಿಘಂಟು ಬಂದಿದೆ. ಬ್ಯಾರಿ ಬರೆಯಲು ನಿಮಗೆ ಹೊಸ ಲಿಪಿ ಕಲಿಯುವ ಕೆಲಸವೂ ಇಲ್ಲ, ಕನ್ನಡ ಅಕ್ಷರವೇ ಸಾಕು. ವರ್ಷಕ್ಕೆ ಒಂದು ಕಥೆ ಬ್ಯಾರಿಯಲ್ಲಿ ಬರೆಯಿರಿ. ಅದಕ್ಕಿಂತಲೂ ಮುಖ್ಯವಾದ ಒಂದು ಕೆಲಸವನ್ನು ಮಾವನಿಗೇ ವಹಿಸಿ. ಅವರ ಹತ್ತಿರ ಇರುವ ಗಾದೆ, ಮದುವೆಯ ಹಾಡು, ಅಜ್ಜಿಯಂದಿರ ಬೈಗುಳ, ಮೀನಿನ ಹೆಸರುಗಳು ಎಲ್ಲವನ್ನೂ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಭಾಷೆ ಉಳಿಯಬೇಕು ಅನ್ನುವವರು ಬರೀ ಬೇಸರ ಮಾಡಿಕೊಂಡರೆ ಸಾಲದು, ಬಾಯಿಬಿಟ್ಟು ಹೇಳಿಕೊಡಬೇಕು. ಅವರು ಖುಷಿಯಿಂದ ಮಾಡುತ್ತಾರೆ ಅಂತ ನನ್ನ ನಂಬಿಕೆ.

ಈ ವಿಷಯದಲ್ಲಿ ನನಗೆ ತಡವಾಗಿ ಬುದ್ಧಿ ಬಂತು. ನನ್ನ ಅಪ್ಪೆ ತೀರಿಕೊಂಡಾಗ ಅವರ ಬಗ್ಗೆ ಒಂದು ಬರಹ ಬರೆಯಲು ಕೂತೆ. ನಲವತ್ತು ವರ್ಷ ಕನ್ನಡ ಪಾಠ ಮಾಡಿದವನು ನಾನು. ‘ನನ್ನ ತಾಯಿ’ ಅಂತ ಬರೆದೆ, ಹೊಡೆದೆ. ‘ನನ್ನಮ್ಮ’ ಅಂತ ಬರೆದೆ, ಅದನ್ನೂ ಹೊಡೆದೆ. ಆ ಶಬ್ದ ಬರೆದಾಗಲೆಲ್ಲ ಮೀಸೆಯ ಮುಖವೇ ಎದುರು ಬರುತ್ತಿತ್ತು. ಕೊನೆಗೆ ‘ಅಪ್ಪೆ’ ಅಂತಲೇ ಬರೆದೆ. ಆಮೇಲೆ ಬರಹ ನಿಲ್ಲಲಿಲ್ಲ. ಪ್ರತಿ ರಾತ್ರಿ ನಾನು ಎಷ್ಟು ಹೊತ್ತಿಗೆ ಮನೆಗೆ ಬಂದರೂ ಅವರು ಕೇಳುತ್ತಿದ್ದ “ಒಣಸ್ ಆಂಡಾ?” ಅನ್ನುವುದನ್ನೂ ಹಾಗೇ ಬರೆದೆ. ಅದು ಅಚ್ಚಾದ ಮೇಲೆ ಓದಿದ ಬಳ್ಳಾರಿ ಕಡೆಯ ಒಬ್ಬರು ಫೋನ್ ಮಾಡಿ ಬಹಳ ಹೊತ್ತು ತಮ್ಮ ತಾಯಿಯ ವಿಷಯ ಮಾತಾಡಿದರು. ‘ಒಣಸ್ ಆಂಡಾ’ ಅಂದರೆ ಏನು ಅಂತ ಅವರು ಕೇಳಲೇ ಇಲ್ಲ. ಊಟ ಆಯ್ತಾ ಅಂತ ಅವರಿಗೆ ಅರ್ಥವಾಗಿತ್ತು.

ಮುಂದಿನ ಸಲ ಆ ಹಿರಿಯರು, ಅಥವಾ ಅವರಂಥ ಬೇರೆ ಯಾರಾದರೂ, ಆಶ್ಚರ್ಯಪಟ್ಟರೆ ಜಗಳಕ್ಕೆ ಹೋಗಬೇಡಿ. ತಲೆ ತಗ್ಗಿಸಿ ಥ್ಯಾಂಕ್ಸ್ ಹೇಳುವುದೂ ಬೇಡ. “ನಾನು ಓದಿದ್ದೂ ನೀವು ಓದಿದ ಪುಸ್ತಕವೇ ಸರ್. ಕಥೆ ಹೇಗಿತ್ತು ಹೇಳಿ” ಅನ್ನಿ. ಮಾತು ಕಥೆಯ ಕಡೆ ತಿರುಗಲಿ.

ನಿಮ್ಮ ಹಸ್ತಪ್ರತಿಯನ್ನು ವಾಪಸ್ ಕಳಿಸುತ್ತಿದ್ದೇನೆ. ಬ್ರಾಕೆಟ್ ಒಟ್ಟು 14 ಇದ್ದವು, 14ನ್ನೂ ಹೊಡೆದಿದ್ದೇನೆ. ಮೂರನೇ ಪುಟದ ಮಳೆಯ ಭಾಗಕ್ಕೆ ಒಂದಕ್ಷರವೂ ಮುಟ್ಟಬೇಡಿ. ಕೊನೆಯ ಪುಟದಲ್ಲಿ ಹುಡುಗಿ ಬೆಂಗಳೂರು ಬಸ್ಸು ಹತ್ತುವಾಗ ಉಮ್ಮ ಕಿಟಕಿಯ ಹತ್ತಿರ ಬಂದು ಒಂದು ಮಾತು ಹೇಳುತ್ತಾರಲ್ಲ, ಈಗ ಅದು “ಕ್ಷೇಮವಾಗಿ ತಲುಪಿದ ಕೂಡಲೇ ತಿಳಿಸು” ಅಂತ ಇದೆ. ಆ ಸಾಲನ್ನು ಮಾತ್ರ ಬ್ಯಾರಿಯಲ್ಲಿ ಬರೆದು ನೋಡಿ, ನಿಮ್ಮ ಉಮ್ಮ ನಿಜವಾಗಿ ಹೇಳುವ ಹಾಗೆ. ಬರೆದು ನನಗೆ ಕಳಿಸಿ. ಅರ್ಥವಾಗದಿದ್ದರೆ ಫೋನ್ ಮಾಡಿ ಕೇಳುತ್ತೇನೆ.